ಬೋರ್ಡಿನ ಏಳನೇ ಸಾಲು

ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದ ಮೂಕಮ್ಮನ ಬೆರಳು ಗಂಟೊಂದಕ್ಕೆ ತಾಗಿ ನಿಂತುಬಿಟ್ಟಿತು. ಹಣಿಗೆ ಹಾಕಿ ಎಳೆದಳು. ಹಣಿಗೆಯ ಎರಡು ಹಲ್ಲು ಮುರಿದವೇ ಹೊರತು ಗಂಟು ಬಿಡಲಿಲ್ಲ. ಎಡಗಿವಿಯ ಹಿಂದಿನಿಂದ ಕತ್ತಿನವರೆಗೆ ಕೂದಲೆಲ್ಲ ಒಂದಕ್ಕೊಂದು ಹೆಣೆದುಕೊಂಡು ಒಣಗಿದ ಸಗಣಿ ಕುಳ್ಳಿನಂತೆ ಗಟ್ಟಿಯಾಗಿತ್ತು.

"ಏನಾತು ಆಯಿ?" ಅಂದಳು ಕಲ್ಯಾಣಿ. ಹದಿನೈದರ ಹುಡುಗಿ. ಹದಿನೆಂಟು ದಿನದ ಟೈಫಾಯಿಡ್ ಅವಳನ್ನು ಹಾಸಿಗೆಗೆ ಅಂಟಿಸಿತ್ತು.

"ಏನಿಲ್ಲ. ಸುಮ್ಕ ಮಕ್ಕೋ."

ಮೂಕಮ್ಮ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಇಂಥದೇ ಗಂಟು ಮೂವತ್ತು ವರ್ಷದ ಹಿಂದೆ ಅವಳ ತಲೆಯ ಮೇಲೇ ಇತ್ತು. ಅದನ್ನು ಕತ್ತರಿಸಿದರೆ ರಕ್ತ ಕಾರಿ ಸಾಯುತ್ತೀಯ ಎಂದು ಆಗ ಊರು ಹೆದರಿಸಿತ್ತು. ಹೆಣ್ಣಿನ ಕೂದಲಿಗೆ ಕತ್ತರಿ ಹಾಕಿದರೆ ದೇವರ ಕೋಪ ಎಂದು ಈಗ ಸಭೆ ಹೆದರಿಸುತ್ತಿತ್ತು. ಸಭೆ ಎಂದರೆ ಅವಳು ಪ್ರತಿ ಭಾನುವಾರ ಹೋಗುವ, ರಾಯಚೂರಿನ ಅಕ್ಕಿ ಗಿರಣಿಗಳ ಹಿಂದಿನ ಕೇರಿಯ ಪ್ರಾರ್ಥನೆ ಮನೆ. ನಾಲ್ಕು ಗೋಡೆ, ಮೇಲೆ ತಗಡು, ಒಳಗೆ ನಲವತ್ತು ಜನ.

ಮೂಕಮ್ಮ ಹುಟ್ಟಿದ್ದು ದೇವದುರ್ಗದ ಕಡೆಯ ಒಂದು ಮಾದಿಗರ ಕೇರಿಯಲ್ಲಿ. ಮದುವೆಯಾದದ್ದು ಅಲ್ಲೇ, ಕಲ್ಲು ಒಡೆಯುವ ಅಯ್ಯಣ್ಣನನ್ನು. ಹತ್ತಿ ಬಿಡಿಸುವ ಕೂಲಿ. ಕುಡಿಯುವುದಕ್ಕೇ ನೀರಿಲ್ಲದ ಕೇರಿಯಲ್ಲಿ ತಲೆ ತೊಳೆಯುವುದು ತಿಂಗಳಿಗೊಮ್ಮೆ. ಬೆವರು, ಧೂಳು, ಹತ್ತಿಯ ಎಳೆ ಸೇರಿ ಇಪ್ಪತ್ತರ ವಯಸ್ಸಿಗೆ ಕೂದಲು ಜಡೆಗಟ್ಟಿತು. ಇದ್ದದ್ದು ಇಷ್ಟೇ. ಆದರೆ ಬಡವರ ಮೈಮೇಲೆ ಏನು ಬಂದರೂ ಅದಕ್ಕೊಂದು ದೇವರ ಹೆಸರು ಬೀಳುತ್ತದೆ, ನೀರು ಕೊಡದವರ ಹೆಸರು ಬೀಳುವುದಿಲ್ಲ. ಎಲ್ಲಮ್ಮ ಬಂದಳು ಎಂದರು. ಮಂಗಳವಾರ, ಶುಕ್ರವಾರ ಜಡೆಗೆ ಅರಿಶಿನ ಮೆತ್ತಬೇಕು. ಬುಟ್ಟಿ ಹಿಡಿದು ಐದು ಮನೆ ಜೋಗ ಬೇಡಬೇಕು. ಹಣಿಗೆ ತಾಗಬಾರದು, ಆ ದಿನಗಳಲ್ಲಿ ಗಂಡನ ಕೈಯೂ ತಾಗಬಾರದು. ಒಮ್ಮೆ ಜ್ವರದಿಂದ ಒಂದು ಶುಕ್ರವಾರ ತಪ್ಪಿತು. ಮರುವಾರವೇ ಚೊಚ್ಚಲ ಕೂಸು ವಾಂತಿಭೇದಿಯಿಂದ ಹೋಯಿತು. ಕೇರಿಯ ಹೆಂಗಸರು ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ. ಬರೀ ಅವಳ ತಲೆಯ ಕಡೆ ನೋಡಿದರು. ಅಂದಿನಿಂದ ಮೂಕಮ್ಮ ಮಲಗುವಾಗಲೂ ಜಡೆ ನೆಲಕ್ಕೆ ತಾಗದಂತೆ ಎದೆಯ ಮೇಲಿಟ್ಟುಕೊಂಡು ಮಲಗುತ್ತಿದ್ದಳು. ಎಂಟು ವರ್ಷ ಹೀಗೆ.

ಆಗ ಬಂದವಳು ಮಾರ್ಥಮ್ಮ. ಮಾನ್ವಿಯಿಂದ ಬಸ್ಸು ಹತ್ತಿ ಊರೂರು ತಿರುಗುತ್ತಿದ್ದ ಬೈಬಲ್ ಹೆಂಗಸು. ಕೆಂಪು ಅಂಚಿನ ಸೀರೆ, ಮೂಗಿನಲ್ಲಿ ನತ್ತು, ಸೊಂಟದಲ್ಲಿ ನಶ್ಯದ ಡಬ್ಬಿ. ಮೂಕಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರದಿಂದ ಮೂಸಿ ನೋಡಿದಳು. ಎಂಟು ವರ್ಷದಲ್ಲಿ ಆ ತಲೆಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

"ಯವ್ವಾ, ಇದರಾಗ ದೇವಿ ಇಲ್ಲ. ಹೇನು ಅದಾವ."

"ಹಂಗ ಅನಬ್ಯಾಡವ್ವ, ಕಾಡ್ತಾಳ ಆಕಿ."

"ಇದ್ರ ಆಕಿಗೂ ಹೇನು ಕಡ್ಯಾಕತ್ತಿರತಾವ. ಪಾಪ, ಆಕಿಗಾರ ಬಿಡುಗಡಿ ಆಗ್ಲಿ."

ಸಾದಾ ಕತ್ತರಿ ಜಡೆಗೆ ಹಿಡಿಯಲಿಲ್ಲ. ಕುರುಬರ ಹಟ್ಟಿಯಿಂದ ಕುರಿ ಉಣ್ಣೆ ಕತ್ತರಿಸುವ ಕತ್ತರಿ ತಂದು, ಹಾಡಹಗಲೇ ಬೋರಿಂಗಿನ ಕಟ್ಟೆಯ ಮೇಲೆ ಕೂರಿಸಿ ಮಾರ್ಥಮ್ಮ ಕತ್ತರಿಸಿದಳು. ಕೇರಿ ದೂರ ನಿಂತು ನೋಡಿತು. ಬಿದ್ದ ಜಡೆಯೊಳಗೆ ಹೇನು, ಹತ್ತಿ ಬೀಜ, ಒಂದು ಜಾಲಿ ಮುಳ್ಳು ಸಿಕ್ಕವು. ಅಮ್ಮ ಮೂರು ದಿನದೊಳಗೆ ತೋರಿಸುತ್ತಾಳೆ ಎಂದು ಜನ ಅಂದರು. ಮಾರ್ಥಮ್ಮ ಆ ಮೂರೂ ದಿನ ಗುಡಿಸಲು ಬಿಟ್ಟು ಹೋಗಲಿಲ್ಲ. "ರಕ್ತ ಕಾರೂದಿದ್ರ ಇಬ್ರೂ ಕೂಡೇ ಕಾರೋಣು" ಎಂದು ಗೋಣಿತಟ್ಟು ಹಾಸಿಕೊಂಡು ಬಿದ್ದುಕೊಂಡಳು.

ನಾಲ್ಕನೇ ದಿನ ಮೂಕಮ್ಮನಿಗೆ ಹಸಿವಾಯಿತು. ಎರಡು ರೊಟ್ಟಿ, ಕೆಂಪು ಖಾರ ತಿಂದು ಕೇಳಿದಳು: "ನಿನ್ನ ಯೇಸಪ್ಪಗ ಏನ್ ಮಾಡಬೇಕವ್ವ? ಯಾವ ವಾರ? ಏನು ನೇಮ?"

"ಏನೂ ಬ್ಯಾಡ. ಬಂದು ಕುಂದ್ರು. ಆತ ನಿನ್ನ ಮುಟ್ಯಾನ, ಸಾಕು."

ಇದೇನು ದೇವರು, ಇವನಿಗೊಂದು ವಾರವೂ ಇಲ್ಲವಲ್ಲ ಎಂದು ಮೂಕಮ್ಮನಿಗೆ ವಿಚಿತ್ರವೆನಿಸಿತು. ಆದರೆ ಅಂದು ಮಧ್ಯಾಹ್ನ ಬೋಳು ತಲೆಗೆ ಗಾಳಿ ತಾಗುವಾಗ ಮೈಯಲ್ಲಿ ಒಂದು ಚೂರೂ ಹೆದರಿಕೆ ಇರಲಿಲ್ಲ. ಅವಳು ಕ್ರಿಸ್ತನನ್ನು ನಂಬಿದ್ದು ಆ ಮಧ್ಯಾಹ್ನ. ದೀಕ್ಷಾಸ್ನಾನ, ಪಾಠ, ಹಾಡು ಎಲ್ಲ ಆಮೇಲೆ ಬಂದವು.

ಅಯ್ಯಣ್ಣ ಕಲ್ಲಿನ ಧೂಳು ಕುಡಿದು ಕುಡಿದು ಎದೆ ಕಟ್ಟಿ ಸತ್ತ. ಮೂಕಮ್ಮ ಮಗಳು ರಾಧಾಳನ್ನು ಕಟ್ಟಿಕೊಂಡು ರಾಯಚೂರಿಗೆ ಬಂದು ಹತ್ತಿ ಜಿನ್ನಿಂಗ್ ಮಿಲ್ಲು ಸೇರಿದಳು. ಹತ್ತಿಯಲ್ಲಿನ ಕಸ, ಒಣ ಎಲೆ ಆರಿಸುವ ಕೆಲಸ. ಅಲ್ಲಿ ಯೂನಿಯನ್ ಕಟ್ಟುವಾಗ ಗೇಟಿನ ಮುಂದೆ ಹನ್ನೊಂದು ದಿನ ಕುಳಿತವರಲ್ಲಿ ಅವಳೂ ಒಬ್ಬಳು. ಪೊಲೀಸರ ಲಾಠಿಗೆ ಹೆದರದ ಹೆಂಗಸು. ರಾಧಾ ಬೆಳೆದು, ಮದುವೆಯಾಗಿ, ಗಂಡನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದಳು. ಕಲ್ಯಾಣಿಯ ಓದು ಕೆಡಬಾರದೆಂದು ಅವಳನ್ನು ಅಜ್ಜಿಯ ಹತ್ತಿರವೇ ಬಿಟ್ಟಳು. "ಹುಡುಗಿ ನಿನ್ನ ಕೈಯಾಗ ಅದಾಳ ಯವ್ವಾ" ಎಂದು ಹೇಳಿ ಹೋದ ಮಾತು ಮೂಕಮ್ಮನ ಬೆನ್ನ ಮೇಲೆ ಸದಾ ಕುಳಿತಿರುತ್ತಿತ್ತು.

ಮಾರ್ಥಮ್ಮ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಸಭೆಗೆ ಪಾಸ್ಟರ್ ವಿನೋದ ಬಂದ. ಮೂವತ್ತೈದರ ಆಸುಪಾಸು, ಕುಡಿತವಿಲ್ಲ, ಹಣದಾಸೆಯಿಲ್ಲ, ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಗುಂಡಿ ತೋಡುವವನು. ಬಂದು ಎರಡನೇ ವರ್ಷಕ್ಕೆ ಗೋಡೆಗೊಂದು ಹಸಿರು ಬೋರ್ಡು ಹಾಕಿಸಿದ. ಬಿಳಿ ಅಕ್ಷರದ ಹನ್ನೊಂದು ಸಾಲು. ಮೂಕಮ್ಮನಿಗೆ ಓದು ಬಾರದು, ಕಲ್ಯಾಣಿಯೇ ಓದಿ ಹೇಳಿದ್ದು. ಹೂವು, ಬಳೆ, ಮೂಗುತಿ ಬೇಡ. ಭಾನುವಾರ ಬಿಳಿ ಸೀರೆ. ಅನ್ಯದೇವರ ಎಡೆ ಇಟ್ಟ ಮನೆಯಲ್ಲಿ ಊಟ ಬೇಡ. ಏಳನೇ ಸಾಲು: ಸ್ತ್ರೀಯರು ಕೂದಲು ಕತ್ತರಿಸಬಾರದು, ಕತ್ತರಿಸಿದವರಿಗೆ ಕರ್ತನ ಭೋಜನದಲ್ಲಿ ಪಾಲಿಲ್ಲ.

"ಮಾರ್ಥಮ್ಮ ಇದ್ದಿದ್ರ ಬಾಗಲಾಗ ನಿಂದರಸ್ತಿದ್ರು, ನಶ್ಯದ ಡಬ್ಬಿ ಸಮೇತ" ಎಂದು ಕಲ್ಯಾಣಿ ನಕ್ಕಳು. ಮೂಕಮ್ಮ ನಗಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತು. ಕೊನೆಗೂ ಈ ದೇವರಿಗೂ ವಾರ ಗೊತ್ತಾಯಿತು, ನೇಮ ಗೊತ್ತಾಯಿತು. ಬಂದು ಸುಮ್ಮನೆ ಕೂರುವುದು ಕಷ್ಟದ ಕೆಲಸ. ನೇಮ ಹಿಡಿಯುವುದು ಅವಳಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಅಂದೇ ಬಳೆ ಬಿಚ್ಚಿಟ್ಟಳು. ನೇಮದ ಬೆನ್ನಿಗೇ ಅವಳ ಹಳೆಯ ಗೆಳತಿ ಹೆದರಿಕೆಯೂ ಒಳಗೆ ಬಂದು, ಒಲೆಯ ಮುಂದೆ ಕುಳಿತಿತು. ಯಾರದೋ ಮಗುವಿಗೆ ಡೆಂಗೂ ಬಂದರೆ ಸಭೆಯ ಹೆಂಗಸರು ಆ ತಾಯಿ ಯಾವಾಗ ಮಲ್ಲಿಗೆ ಮುಡಿದಿದ್ದಳೆಂದು ಲೆಕ್ಕ ಹಾಕುತ್ತಿದ್ದರು. ಮೂಕಮ್ಮನೂ ಹಾಕುತ್ತಿದ್ದಳು.

ಜ್ವರ ಶುರುವಾದ ವಾರದಲ್ಲೇ ಕ್ಲಿನಿಕ್ಕಿನವರು ಹೇಳಿದ್ದರು: "ಯಮ್ಮ, ಹುಡುಗಿ ಕೂದ್ಲ ದಟ್ಟ ಅದ. ಬೆವತು ಬೆವತು ಒಳಗ ಹುಣ್ಣಾಗಾಕತ್ಯಾವ. ಸಣ್ಣಗ ಕತ್ತರಿಸಿಬಿಡ್ರಿ."

ಮೂಕಮ್ಮ ಕತ್ತರಿ ತರಲಿಲ್ಲ. ಪಾಸ್ಟರನನ್ನು ಕೇಳಲು ಹೋದಳು.

"ಕೂದ್ಲ ಹೆಣ್ಣಿಗೆ ದೇವರು ಕೊಟ್ಟ ಮಹಿಮೆ, ಮೂಕಮ್ಮ," ಅಂದ ವಿನೋದ. "ಜ್ವರ ಇವತ್ತ ಬರ್ತದ, ನಾಳಿ ಹೋಗ್ತದ. ಸೈತಾನ ಮೊದಲ ಸಣ್ಣ ಬಾಗಲದಿಂದಾನ ಬರ್ತಾನ. ಎಣ್ಣಿ ಕೊಡ್ತೀನಿ, ಪ್ರಾರ್ಥನಿ ಮಾಡಿದ್ದು. ಹಚ್ಚು."

ಮೂಕಮ್ಮ ಎಣ್ಣೆ ತಂದು ಹಚ್ಚಿದಳು. ದಿನಾ ಹಚ್ಚಿದಳು. ಎಣ್ಣೆಗೆ ಧೂಳು, ಧೂಳಿಗೆ ಬೆವರು, ಬೆವರಿಗೆ ಹುಣ್ಣಿನ ರಸ ಅಂಟಿ ಹನ್ನೆರಡು ದಿನದಲ್ಲಿ ಮೊಮ್ಮಗಳ ತಲೆಯಲ್ಲಿ ಅವಳೇ ತನ್ನ ಕೈಯಾರೆ ಜಡೆ ಕಟ್ಟಿದ್ದಳು.

ಗಂಟಿನ ಸುದ್ದಿ ಪಕ್ಕದ ಮನೆಯವರಿಂದ ಹೋಗಿ, ಅದು ಕೈಗೆ ತಾಗಿದ ದಿನ ಸಂಜೆಯೇ ನೀರಮಾನ್ವಿಯಿಂದ ಅಕ್ಕ ಹುಲಿಗೆಮ್ಮನ ಫೋನು ಬಂತು. ಹುಲಿಗೆಮ್ಮ ಎಲ್ಲಮ್ಮನ ಭಕ್ತೆ, ತಂಗಿ ಕ್ರಿಸ್ತನ ಕಡೆ ಹೋದಳೆಂದು ಮುನಿಸಿಕೊಂಡವಳಲ್ಲ. ಆದರೆ ಬಾಯಿ ಮಾತ್ರ ಕುಡುಗೋಲು.

"ಜಡಿ ಬಂದಾದಂತಲ್ಲಬೇ? ನಾ ಅವತ್ತ ಅಂದಿದ್ದೆ. ನೀ ಕತ್ತರಿಸಿ ಒಗದಿ, ಆಕಿ ಮರತಿಲ್ಲ. ನಿನ್ನ ಬಿಟ್ಟು ಕೂಸಿನ ತಲಿ ಮ್ಯಾಲ ಬಂದು ಕುಂತಾಳ."

"ಅಕ್ಕ, ಹಂಗ ಅನಬ್ಯಾಡ."

"ಭಂಡಾರ ಕಳಿಸ್ತೀನಿ. ದಿಂಬಿನ ಬುಡಕ ಇಡು. ನಿನ್ನ ಪಾಸ್ಟರಪ್ಪಗ ಹೇಳಬ್ಯಾಡ, ಎಲ್ಲಮ್ಮಗ ನಾ ಹೇಳಿರತೀನಿ."

ಮರುದಿನ ಯಾರದೋ ಕೈಯಲ್ಲಿ ಅರಿಶಿನದ ಪೊಟ್ಟಣ ಬಂತು. ಮೂಕಮ್ಮ ಅದನ್ನು ಬಿಸಾಡಲಿಲ್ಲ. ಒಂದು ಚಿಟಿಕೆ ಗಂಟಿಗೆ ಹಚ್ಚಿ, ಉಳಿದದ್ದನ್ನು ದಿಂಬಿನ ಕೆಳಗಿಟ್ಟಳು. ಅದರ ಮೇಲೆ ಪ್ರಾರ್ಥನೆಯ ಎಣ್ಣೆಯನ್ನೂ ಹಚ್ಚಿದಳು. ಯಾರು ಸಿಟ್ಟಾಗಿದ್ದಾರೋ ಗೊತ್ತಿಲ್ಲ, ಇಬ್ಬರಿಗೂ ಸಲ್ಲಲಿ. ಎರಡೂ ಕಡೆ ಹೆದರುವವಳಿಗೆ ಎರಡೂ ಕಡೆ ದೇವರಿಲ್ಲ, ಇರುವುದು ಇಬ್ಬರು ಜಮೀನ್ದಾರರು. ಅದು ಅವಳಿಗೆ ಆಗ ತೋಚಲಿಲ್ಲ. ಹುಡುಗಿ ನರಳುತ್ತಿತ್ತು.

ಪ್ರಾರ್ಥನೆಗೆ ಬಂದ ವಿನೋದ ತಲೆದಿಂಬು ಸರಿಪಡಿಸಲು ಹೋಗಿ ಪೊಟ್ಟಣ ನೋಡಿಬಿಟ್ಟ. ಬೈಯುತ್ತಾನೆಂದು ಮೂಕಮ್ಮ ಗೋಡೆಗೆ ಆತುಕೊಂಡಳು. ಅವನು ಬೈಯಲಿಲ್ಲ. ಅವನ ಮುಖವೇ ಬೆಳ್ಳಗಾಗಿತ್ತು.

"ಯಾಕ ಹಿಂಗ ಮಾಡ್ದಿ ಮೂಕಮ್ಮ? ನನ್ನ ಮನ್ಯಾಗ ಹೊಟ್ಯಾಗಿನ ಕೂಸು ಎರಡು ಹೋದವು. ಎಲ್ಲಿ ತಪ್ಪೀನಿ, ಎಲ್ಲಿ ತಪ್ಪೀನಿ ಅಂತ ಹುಡುಕಿ ಹುಡುಕಿ ಬರಸೀನಿ ಆ ಬೋರ್ಡು. ಒಂದು ಸಾಲು ತಪ್ಪಿದ್ರೂ ಬಿಡಂಗಿಲ್ಲ ಆತ."

ಮೂಕಮ್ಮ ಅವನನ್ನೇ ನೋಡಿದಳು. ಈ ಮುಖವನ್ನು ಅವಳು ಮೊದಲು ನೋಡಿದ್ದಳು, ದೇವದುರ್ಗದ ಗುಡಿಸಲಿನ ಒಡೆದ ಕನ್ನಡಿಯಲ್ಲಿ, ಚೊಚ್ಚಲ ಕೂಸು ಹೋದ ವಾರ. ಅದು ಅವಳ ಹೆದರಿಕೆಯನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿತು. ದಾರಿ ತೋರಿಸುವವನಿಗೂ ದಾರಿ ಗೊತ್ತಿಲ್ಲ.

ಎರಡು ದಿನಕ್ಕೆ ಜ್ವರ ಮತ್ತೆ ಏರಿತು. ಗಂಟಿನ ಕೆಳಗಿಂದ ವಾಸನೆ ಬರತೊಡಗಿತು. ರಾಧಾ ಫೋನಿನಲ್ಲಿ "ಹೆಂಗದಾಳ?" ಅಂದಾಗ "ಚೊಲೊ ಅದಾಳ" ಎಂದು ಸುಳ್ಳು ಹೇಳಿ, ಮೂಕಮ್ಮ ಕಲ್ಯಾಣಿಗೆ ಚಾದರ ಹೊದಿಸಿ, ಮಾನ್ವಿ ಬಸ್ಸು ಹತ್ತಿಸಿದಳು. ನೀರಮಾನ್ವಿಯಲ್ಲಿ ಇಳಿಯುವುದು, ಅಕ್ಕನ ಜೊತೆ ಎಲ್ಲಮ್ಮನ ಗುಡಿಗೆ ಹೋಗಿ ತಪ್ಪಾಯಿತೆಂದು ಅಡ್ಡ ಬೀಳುವುದು. ಹಳೆಯ ಕತ್ತರಿಯ ತಪ್ಪನ್ನು ಒಪ್ಪಿಕೊಂಡರೆ ಹುಡುಗಿಯನ್ನಾದರೂ ಬಿಡಬಹುದು. ಕಿಟಕಿಯ ಪಕ್ಕ ಕುಳಿತು ಅವಳು ಯೇಸುವಿನ ಮುಖ ನೆನಪಿಗೆ ಬರದಿರಲಿ ಎಂದು ಹೊರಗಿನ ಬತ್ತದ ಗದ್ದೆಗಳನ್ನು ಎಣಿಸುತ್ತಿದ್ದಳು.

ನೀರಮಾನ್ವಿ ಸ್ಟಾಪಿನಲ್ಲಿ ಹುಲಿಗೆಮ್ಮ ಭಂಡಾರದ ಚೀಲ ಹಿಡಿದು ನಿಂತಿದ್ದಳು.

"ಕಲ್ಯಾಣಿ, ಏಳವ್ವ."

ಹುಡುಗಿ ಏಳಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಒಳಗೆ ಬರೀ ಬಿಳುಪು. ಮೂಕಮ್ಮ ಕೆನ್ನೆ ತಟ್ಟಿದಳು. ಬೆಂಕಿಗೆ ಕೈ ಇಟ್ಟಂತಾಯಿತು.

"ಇಳೀರಿ ಯಮ್ಮ, ಲಗೂನ!" ಎಂದು ಕಂಡಕ್ಟರ್ ಕೂಗಿದ.

"ಇಳಿಬೇ!" ಎಂದು ಕೆಳಗಿಂದ ಅಕ್ಕ.

ಮೂಕಮ್ಮ ಎದ್ದು ನಿಂತಳು. ಕಾಲು ಬಾಗಿಲ ಕಡೆಗೇ ಹೊರಟಿತ್ತು. ಇಳಿಯದಿದ್ದರೆ ಎಲ್ಲಮ್ಮ. ಇಳಿದರೆ ಯೇಸು. ದವಾಖಾನೆಗೆ ಹೋದರೆ ಕತ್ತರಿ. ಎಲ್ಲಿ ಕಾಲಿಟ್ಟರೂ ಶಿಕ್ಷೆ. ಅಷ್ಟರಲ್ಲಿ ಕಲ್ಯಾಣಿಯ ತಲೆ ಸೀಟಿನಿಂದ ಜಾರಿ ಕಬ್ಬಿಣದ ಸರಳಿಗೆ ಟಪ್ಪನೆ ಬಡಿಯಿತು. ಅವಳು ಅಯ್ಯೋ ಅನ್ನಲಿಲ್ಲ. ಅಯ್ಯೋ ಅನ್ನದ ಆ ಸುಮ್ಮನಿರುವಿಕೆ ಮೂಕಮ್ಮನನ್ನು ಮತ್ತೆ ಸೀಟಿನಲ್ಲಿ ಕೂರಿಸಿತು.

"ಮಾನ್ವಿ ದವಾಖಾನಿಗೆ ಹೊಂಟೀನಿ ಅಕ್ಕ. ಇಳ್ಯಾಂಗಿಲ್ಲ."

ಹುಲಿಗೆಮ್ಮ ಸೀರೆ ಎತ್ತಿ ಕಟ್ಟಿ ಬಸ್ಸೇರಿದಳು.

"ಸಾಯ್ತೀಬೇ ನೀನು. ಒಬ್ಬಾಕಿ ಯಾಕ ಸಾಯ್ತಿ, ಸರಕೋ ಆ ಕಡಿ."

ಮಾನ್ವಿಯ ದವಾಖಾನೆಯಲ್ಲಿ ನರ್ಸು ವಿಜಯಲಕ್ಷ್ಮಿ ಚಾದರ ಸರಿಸಿ ನೋಡಿದವಳೇ ಮೂಗು ಮುಚ್ಚಿಕೊಂಡಳು.

"ಯಾವಾಗಿಂದ ಹಿಂಗದ?"

"ಹುಣ್ಣು ಹತ್ತಿ ಹದಿನೈದು ದಿನ."

"ಎಣ್ಣಿ ಹಾಕೀರಿ, ಅರಿಶಿಣ ಹಾಕೀರಿ. ಜೀರಗಿ ಯಾಕ ಬಿಟ್ರಿ, ಒಗ್ಗರಣಿ ಪೂರಾ ಆಗ್ತಿತ್ತು!" ಆಮೇಲೆ ದನಿ ಇಳಿಸಿದಳು. "ಒಳಗ ಕೀವು ತುಂಬ್ಯಾದ ಯಮ್ಮ. ಕಿವಿಗೆ ಇಳದದ. ಮ್ಯಾಲೇರಿದ್ರ ಹುಡುಗಿ ಉಳ್ಯಾಂಗಿಲ್ಲ. ಈಗಿಂದೀಗ ಬೋಳಸಬೇಕು. ಡಾಕ್ಟರ್ ಬರೂದ್ರಾಗ ತಲಿ ತಯಾರಿರ್ಬೇಕು. ಹೂಂ ಅನ್ರಿ."

ಹೂಂ ಅನ್ನುವುದು ಎರಡಕ್ಷರವಲ್ಲ, ಒಂದು. ಅದನ್ನೂ ಅನ್ನದೆ ಮೂಕಮ್ಮ ತಲೆ ಮಾತ್ರ ಆಡಿಸಿದಳು. ವಿಜಯಲಕ್ಷ್ಮಿಯ ಕತ್ತರಿ ಗಂಟಿಗೆ ಹಿಡಿಯದೆ ಜಾರಿತು. ಇನ್ನೊಮ್ಮೆಯೂ ಜಾರಿತು.

"ಹಂಗಲ್ಲರಿ," ಅಂದಳು ಮೂಕಮ್ಮ. ತನ್ನದೇ ದನಿ ಎಂದು ಅವಳಿಗೆ ಗೊತ್ತಾಗಲಿಲ್ಲ. "ಬುಡದಿಂದ ಎತ್ತಿ ಹಿಡದು, ಅಂಚಿನಿಂದ ಸ್ವಲ್ಪ ಸ್ವಲ್ಪ ತಿನ್ನಸಬೇಕು. ಕೊಡ್ರಿ ಇಲ್ಲಿ."

ಹುಲಿಗೆಮ್ಮ ಹುಡುಗಿಯ ಕಾಲು ಹಿಡಿದಳು, ಬಾಯಲ್ಲಿ ಎಲ್ಲಮ್ಮನ ಹೆಸರು. ಮೂಕಮ್ಮ ಕತ್ತರಿ ಹಾಕಿದಳು. ಮೊದಲ ಕಚ್ಚು ಅವಳ ಹೆಬ್ಬೆರಳಿಗೇ ಬಿತ್ತು. ರಕ್ತ ನೋಡಿ ಅಂದುಕೊಂಡಳು: ಎಲ್ಲಮ್ಮ ತೋರಿಸಲು ಶುರುಮಾಡಿದಳು, ಯೇಸುವೂ ತೋರಿಸಲು ಶುರುಮಾಡಿದ. "ಯೇಸಪ್ಪಾ, ಸಿಟ್ಟಿದ್ರ ನನ್ನ ಮ್ಯಾಲ ಹಾಕು, ಹುಡುಗಿನ ಬಿಡು, ಏನು ನೇಮ ಹೇಳ್ತಿ ಹಿಡೀತೀನಿ" ಎಂದು ಗೊಣಗಿದಳು. ಗೊಣಗುತ್ತಲೇ ಕಿವಿಗೆ ಬಿತ್ತು, ಇದು ಎಂಟು ವರ್ಷ ಮಂಗಳವಾರ, ಶುಕ್ರವಾರ ಆಡಿದ ಮಾತೇ. ಹೆಸರಷ್ಟೇ ಬೇರೆ.

ಅವಳು ಬಾಯಿ ಮುಚ್ಚಿದಳು. ಮಾರ್ಥಮ್ಮನ ಕೈ ನೆನಪಾಯಿತು. ನಶ್ಯದ ವಾಸನೆಯ, ಹೇನಿನ ತಲೆಯನ್ನು ಅಸಹ್ಯಪಡದೆ ಹಿಡಿದ ಕೈ. ಆ ಕೈ ಹಿಡಿಯುವ ಮುಂಚೆ ಏನನ್ನೂ ಕೇಳಿರಲಿಲ್ಲ. ಮೂಕಮ್ಮ ಇನ್ನೇನೂ ಬೇಡಲಿಲ್ಲ. ಕತ್ತರಿಸಿದಳು. ಗಂಟು ಬೇರಾಗಿ ತಟ್ಟೆಗೆ ಬಿದ್ದಾಗ ಅದರಡಿಯ ಚರ್ಮ ಒಡೆದು ಕೀವು ಅವಳ ಮೊಣಕೈವರೆಗೆ ಹರಿಯಿತು. ಕಲ್ಯಾಣಿ ಮೊದಲ ಸಲ ಕಿರುಚಿದಳು.

"ಕಿರಿಚಿದ್ಲು. ಚೊಲೊ ಆತು," ಅಂದಳು ವಿಜಯಲಕ್ಷ್ಮಿ.

ಒಂಬತ್ತು ದಿನ ದವಾಖಾನೆ. ಹುಡುಗಿ ಉಳಿದಳು. ಎಡಗಿವಿ ಪೂರ್ತಿ ಉಳಿಯಲಿಲ್ಲ. ಆ ಕಡೆಯಿಂದ ಕರೆದರೆ ಇವತ್ತಿಗೂ ತಿರುಗುವುದಿಲ್ಲ. ಅದು ದೇವರು ಮಾಡಿದ್ದಲ್ಲ, ದೇವಿ ಮಾಡಿದ್ದಲ್ಲ, ಕತ್ತರಿ ತರದೆ ಎಣ್ಣೆ ತಂದ ತಾನು ಮಾಡಿದ್ದು ಎಂದು ಮೂಕಮ್ಮ ರಾಧಾಳಿಗೆ ಹೇಳಿದಳು. ಬೆಂಗಳೂರಿನಿಂದ ಓಡಿಬಂದಿದ್ದ ರಾಧಾ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು. ಬೇರೆ ಯಾರಿದ್ದಾರೆ?

ತಿಂಗಳ ಮೊದಲ ಭಾನುವಾರ ಸಭೆಯಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಎಲ್ಲರಿಗೂ ಹಂಚುವುದು. ಮೂಕಮ್ಮ ನೀಲಿ ಸೀರೆ ಉಟ್ಟಳು. ಬಿಳಿಯದು ಕೀವಿನ ಕಲೆಯಾಗಿ ಹಾಳಾಗಿತ್ತು.

"ಆಯಿ, ಏಳನೇ ಸಾಲು ನಾನ ಓದಿ ಹೇಳಿದ್ದೆ ನಿಂಗ," ಅಂದಳು ಕಲ್ಯಾಣಿ. ತಲೆಯ ಮೇಲೆ ಕೊಯ್ದ ಬತ್ತದ ಕೂಳೆಯಂಥ ಕೂದಲು, ಕಿವಿಯ ಹಿಂದೆ ಪಟ್ಟಿ. "ಒಳಗ ಬಿಡ್ತಾರೇನು?"

"ಗೊತ್ತಿಲ್ಲ."

"ನಿಂಗ ಹೆದರಿಕಿ ಆಗಾಕತ್ತಿಲ್ಲೇನು?"

"ಆಗಾಕತ್ತದ. ನಡಿ."

ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಆದರೆ ಚಾಪೆಯ ಮೇಲೆ ಅವರಿಬ್ಬರ ಅಕ್ಕಪಕ್ಕದ ಜಾಗ ತಾನಾಗಿ ಖಾಲಿಯಾಯಿತು. ಹೆಂಗಸರ ಕಣ್ಣು ಹುಡುಗಿಯ ತಲೆಗೂ ಗೋಡೆಯ ಬೋರ್ಡಿಗೂ ಓಡಾಡಿತು. ಈ ನೋಟದ ರುಚಿ ಮೂಕಮ್ಮನಿಗೆ ಗೊತ್ತಿತ್ತು. ಹಾಡಿನ ಹೊತ್ತಿನಲ್ಲಿ ಎದ್ದು ಹೋಗಿಬಿಡಲೇ ಎಂದು ಎರಡು ಸಲ ಅನಿಸಿತು.

ವಿನೋದ ತಟ್ಟೆ ಹಿಡಿದು ಸಾಲಿನಲ್ಲಿ ಬಂದ. ಹುಳಿಯಿಲ್ಲದ, ಉಪ್ಪಿಲ್ಲದ ಚಪಾತಿಯ ತುಂಡುಗಳು. ಮೂಕಮ್ಮನ ಕೈಗೆ ಒಂದು ಕೊಟ್ಟ. ಕಲ್ಯಾಣಿಯ ಮುಂದೆ ಬಂದು ನಿಂತ. ಹುಡುಗಿ ಕೈ ಚಾಚಿದಳು. ಅವನ ಬೆರಳು ತುಂಡಿನ ಮೇಲಿತ್ತು, ಎತ್ತಲಿಲ್ಲ. ಗೋಡೆಯ ಬಳಿ ಅವನ ಹೆಂಡತಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವಳಿಗೆ ಮತ್ತೆ ಐದು ತಿಂಗಳು. ವಿನೋದ ಕಣ್ಣು ತಗ್ಗಿಸಿ ಮುಂದಕ್ಕೆ ಹೆಜ್ಜೆ ಇಟ್ಟ.

ಚಾಚಿದ ಕೈ ಹಾಗೇ ಉಳಿಯಿತು.

ಮೂಕಮ್ಮ ತನ್ನ ತುಂಡನ್ನು ಎರಡು ಮಾಡಿದಳು. ಅದು ಮುರಿದ ಸದ್ದು ಆ ತಗಡಿನ ಕೆಳಗೆ ಎಲ್ಲರಿಗೂ ಕೇಳಿತೆಂದು ಅವಳಿಗೆ ಅನಿಸಿತು. ಅರ್ಧವನ್ನು ಮೊಮ್ಮಗಳ ಅಂಗೈಯಲ್ಲಿಟ್ಟಳು.

ವಿನೋದ ತಿರುಗಿ ನಿಂತ. "ಮೂಕಮ್ಮ... ಬ್ಯಾಡ."

"ಯಪ್ಪಾ, ನಿನ್ನ ಬೋರ್ಡು ನಿನ್ನ ಹೆದರಿಕಿ. ನನಗೂ ಹೆದರಿಕಿ ಅದ. ಆದ್ರ ಆತ ನನ್ನ ಹಿಡದಾಗ ನನ್ನ ತಲಿ ಬೋಳು ಇತ್ತು."

ತಡೆಯುವುದಿದ್ದರೆ ವಿನೋದ ತಡೆಯಬಹುದಿತ್ತು, ಎರಡೇ ಹೆಜ್ಜೆ. ಅವನು ತಟ್ಟೆಯನ್ನು ಎದೆಗೆ ಹಿಡಿದು ನಿಂತೇ ಇದ್ದ.

ಕಲ್ಯಾಣಿ ತುಂಡನ್ನು ಬಾಯಿಗೆ ಹಾಕಿಕೊಂಡಳು. ಮೂಕಮ್ಮನೂ ಹಾಕಿಕೊಂಡಳು. ಒಣ ಚಪಾತಿ ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಕಾದಳು, ಸಿಡಿಲಿಗೋ, ರಕ್ತಕ್ಕೋ, ಹುಡುಗಿಯ ಮೈ ಬಿಸಿಯಾಗುವುದಕ್ಕೋ. ಒಂದು ಕೈ ಕಲ್ಯಾಣಿಯ ಹಣೆಯ ಮೇಲಿಟ್ಟು ನೋಡಿದಳು. ತಣ್ಣಗಿತ್ತು. ಮತ್ತೊಮ್ಮೆ ನೋಡಿದಳು.

"ಆಯಿ, ಜ್ವರ ಇಲ್ಲ," ಅಂದಳು ಹುಡುಗಿ ಮೆಲ್ಲಗೆ. "ಕೈ ತಗಿ. ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ," ಅಂದಳು ಮೂಕಮ್ಮ, ಕೈ ತೆಗೆಯಲಿಲ್ಲ.